ಶ್ರೀಪಾಲ್ ಮೇಷ್ಟರ ಡೇವಿಡ್

ಶ್ರೀಪಾಲ್ ಹುಟ್ಟಿದ ಮನೆ ಹಳೇಬೀಡಿನ ಬಸದಿಗಳಿಗೆ ಕೂಗಳತೆಯಲ್ಲಿತ್ತು. ಬೆಳಿಗ್ಗೆ ಮಿಂದು ತಾಯಿ ಪದ್ಮಲತಾ ಜೊತೆ ಪಾರ್ಶ್ವನಾಥ ಬಸದಿಗೆ ಹೋಗುವುದು ರೂಢಿ. ಒಳಗಿನ ಕಪ್ಪು ಕಲ್ಲಿನ ಸ್ವಾಮಿ ಬತ್ತಲೆ ನಿಂತಿದ್ದಾನೆ ಎಂಬುದು ಆ ಎಳೆ ವಯಸ್ಸಿನಲ್ಲಿ ಶ್ರೀಪಾಲ್‌ಗೆ ಒಂದು ಸಂಗತಿಯಾಗಿ ಹೊಳೆದದ್ದೇ ಇಲ್ಲ. ಅಣ್ಣಂದಿರು ಅಂಗಡಿ ನೋಡಿಕೊಂಡರು. ಶ್ರೀಪಾಲ್ ಮೈಸೂರಿನಲ್ಲಿ ಚಿತ್ರಕಲೆ ಕಲಿತು ಅರಸೀಕೆರೆಯ ಖಾಸಗಿ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟರಾದರು.

ಮೈಕೆಲೇಂಜಲೋ ಕಡೆದ ಡೇವಿಡ್ ಅವರಿಗೆ ಮೊದಲು ಸಿಕ್ಕಿದ್ದು ಮೈಸೂರಿನಲ್ಲಿ, ಬರೀ ತಲೆಯಾಗಿ. ವಿದ್ಯಾರ್ಥಿಗಳ ಅಭ್ಯಾಸಕ್ಕೆಂದು ಇಟ್ಟಿದ್ದ ಪ್ಲಾಸ್ಟರ್ ಅಚ್ಚು. ಮುಟ್ಟಿ ಮುಟ್ಟಿ ಮೂಗಿನ ತುದಿ ಸವೆದಿತ್ತು. ಇಡೀ ಬತ್ತಲೆ ದೇಹ ಕಂಡಿದ್ದು ಎಷ್ಟೋ ವರ್ಷಗಳ ಮೇಲೆ, ಪೇಂಟ್ ಕಂಪನಿಯೊಂದರ ಕ್ಯಾಲೆಂಡರಿನಲ್ಲಿ. ಫ್ಲಾರೆನ್ಸಿನ ಅಮೃತಶಿಲೆ ಕಾಗದಕ್ಕೆ ಬರುವಷ್ಟರಲ್ಲಿ ನೀಲಿಗೆ ತಿರುಗಿತ್ತು. ವರ್ಷ ಮುಗಿದರೂ ಆ ಹಾಳೆಯನ್ನು ಅವರು ಬೀರುವಿನಲ್ಲಿಟ್ಟುಕೊಂಡರು.

೧೯೯೮ರಲ್ಲಿ ಶಾಲೆಗೆ ಸುವರ್ಣ ಮಹೋತ್ಸವ. ಗೇಟಿನ ಎದುರಿನ ಗೋಡೆಗೆ ಏನಾದರೂ ಚಿತ್ರ ಬರೆಯಿರಿ ಎಂದರು ಶಾಲೆಯವರು. ಶ್ರೀಪಾಲ್ ಆ ಡೇವಿಡ್ ಹಾಳೆಯ ಮೇಲೆ ಚೌಕಗಳನ್ನೆಳೆದು, ಅವನ್ನೇ ಗೋಡೆಯಲ್ಲಿ ಹಿಗ್ಗಿಸಿ, ಇದ್ದಿಲಿನಲ್ಲಿ ಗೆರೆ ಹಾಕಿ ಡಿಸ್ಟೆಂಪರ್ ಬಳಿದರು. ಕ್ಯಾಲೆಂಡರಿನಲ್ಲಿ ಬೆಳಕು ಬಲದಿಂದ. ಗೋಡೆಗೆ ಬಿಸಿಲು ಬೀಳುತ್ತಿದ್ದುದು ಎಡದಿಂದ. ನೆರಳುಗಳನ್ನೆಲ್ಲ ತಿರುಗಿಸಿದರು. ದಸರಾ ರಜೆ ಪೂರ್ತಿ ಅದಕ್ಕೇ ಹೋಯಿತು. ನಾಡಗೀತೆಯ ಚಾರ್ಟು, ಸ್ವಾತಂತ್ರ್ಯ ದಿನದ ಬ್ಯಾನರು ಬಿಟ್ಟರೆ ಅವರು ತಮ್ಮದೆಂದು ಹೇಳಿಕೊಳ್ಳಬಹುದಾದ ಕೆಲಸ ಅದೊಂದೇ.

ಆಡಳಿತ ಮಂಡಳಿಯ ಅಧ್ಯಕ್ಷ ಷಡಕ್ಷರಪ್ಪನವರಿಗೆ ಕೊಬ್ಬರಿ ವ್ಯಾಪಾರ. ಗೋಡೆಯ ಮುಂದೆ ನಿಂತು ಕನ್ನಡಕ ಒರೆಸಿಕೊಂಡರು.

"ಏನ್ ಮೇಷ್ಟ್ರೇ, ಒಂದು ಪಂಚೆನಾದ್ರೂ ಉಡಿಸಬಾರದಾ? ನನ್ನದೇ ಒಂದು ಕೊಡ್ತೀನಿ."

"ನಮ್ಮ ಬಸದೀಲಿ ಸ್ವಾಮಿ ಹಿಂಗೇ ನಿಂತಿಲ್ವಾ ಅಧ್ಯಕ್ಷರೇ? ಯಾರಾದ್ರೂ ನಾಚ್ಕೊಂಡ್ರಾ?"

"ಆ ಸ್ವಾಮಿ ಗರ್ಭಗುಡಿ ಒಳಗವ್ರೆ ಕಣ್ರೀ. ಇವನು ಹೆಣ್ಮಕ್ಕಳ ಸೈಕಲ್ ಸ್ಟ್ಯಾಂಡ್ ಮುಂದವ್ನೆ."

ವಾದ ಬೆಳೆಯಿತು. ಕೊನೆಗೆ ಷಡಕ್ಷರಪ್ಪನವರೇ ಒಂದು ದಾರಿ ಹೇಳಿದರು. "ನಿಮ್ಮ ತಾಯಿ ವ್ರತ ಹಿಡಿದೋರು. ಬಂದು ನೋಡ್ಲಿ. 'ನಮ್ಮ ಸ್ವಾಮಿ ಥರಾನೇ' ಅಂದ್ಬುಟ್ರೆ ನಾನು ಸುಣ್ಣದ ಬಕೆಟ್ ಮುಟ್ಟಲ್ಲ. ಇಲ್ಲಾಂದ್ರೆ ಗೋಡೆ ಬೆಳ್ಳಗಾಗ್ಬೇಕು."

ಶ್ರೀಪಾಲ್ ತಕ್ಷಣ ಒಪ್ಪಿದರು. ಗೆದ್ದೆ ಅಂದುಕೊಂಡೇ ಮನೆಗೆ ಹೋದರು.

ಭಾನುವಾರ ಪದ್ಮಲತಾ ಹಳೇಬೀಡಿನಿಂದ ಬಸ್ಸಿನಲ್ಲಿ ಬಂದಿಳಿದರು. "ಬೇಗ ತೋರಿಸೋ. ಹೊತ್ತು ಮುಳುಗೋದ್ರೊಳಗೆ ಮನೇಲಿ ಊಟ ಆಗ್ಬೇಕು, ಆಮೇಲೆ ತಿಂದ್ರೆ ವ್ರತ ಕೆಡ್ತದೆ."

ಶಾಲೆಯಲ್ಲಿ ಷಡಕ್ಷರಪ್ಪನವರೂ ಕಾದಿದ್ದರು. ಗೋಡೆಯ ಮುಂದೆ ನಿಂತು ತಾಯಿ ಬಹಳ ಹೊತ್ತು ನೋಡಿದರು. ಪಂಚೆಯ ಜಗಳ ಹುಟ್ಟಿದ ಜಾಗದಲ್ಲಿ ಅವರ ಕಣ್ಣು ನಿಲ್ಲಲೇ ಇಲ್ಲ.

"ಲಕ್ಷಣವಾಗವ್ನೆ. ಯಾರ ಮಗನೋ?"

"ಕುರಿ ಕಾಯ್ತಿದ್ದ ಹುಡುಗ ಅಮ್ಮ. ಆಮೇಲೆ ರಾಜನಾದ."

"ಹುಬ್ಬು ಯಾಕೆ ಗಂಟು ಹಾಕ್ಕೊಂಡವ್ನೆ?" ಅವರ ನೋಟ ಭುಜದಿಂದ ಕೆಳಗಿಳಿಯಿತು. "ಈ ಕೈಲಿ ಏನೋ ಮುಚ್ಕೊಂಡವ್ನಲ್ಲ?"

ಬಸದಿಯ ಸ್ವಾಮಿಯ ಕೈಗಳು ಖಾಲಿಯಾಗಿ, ನೇರವಾಗಿ ಇಳಿಬಿದ್ದಿವೆ. ಅದನ್ನು ಹುಟ್ಟಿದಾಗಿನಿಂದ ನೋಡಿದ್ದರೂ ಶ್ರೀಪಾಲ್‌ಗೆ ನೆನಪಾದದ್ದು ಆಗಲೇ. ಸುಳ್ಳು ಹೇಳಬಹುದಿತ್ತು.

"ಕಲ್ಲು. ಒಬ್ಬ ದೈತ್ಯನ ಹಣೆಗೆ ಹೊಡೆಯೋಕೆ."

"ಬಟ್ಟೆ ಬಿಟ್ಟೋನು ಕಲ್ಲು ಬಿಡಲಿಲ್ವಲ್ಲೋ," ಎಂದರು ತಾಯಿ.

ಷಡಕ್ಷರಪ್ಪ ನಗಲಿಲ್ಲ. ಅವರಿಗೂ ಮೇಷ್ಟರ ಮುಖ ನೋಡಲಾಗಲಿಲ್ಲ. "ಹಂಗಾದ್ರೆ ಕಲ್ಲು ಅಳಿಸಿ ಕೈ ಬಿಚ್ಚಿಸಿಬಿಡ್ರಿ. ಅಮ್ಮಾವ್ರು ಒಪ್ಪಿದ್ರೆ ನಂದೂ ಒಪ್ಪಿಗೆ."

ಶ್ರೀಪಾಲ್ ತಾಯಿಯ ಕಡೆ ನೋಡಿದರು.

"ಕೈ ಬಿಚ್ಚಿದ್ರೆ ಸಾಕೇನಪ್ಪ?" ಎಂದರು ಪದ್ಮಲತಾ. "ಹುಬ್ಬು?"

ಮಾರನೆಯ ದಿನ ಸುಣ್ಣದ ಬ್ರಷ್ಷನ್ನು ಶ್ರೀಪಾಲ್ ಬೇರೆಯವರಿಗೆ ಕೊಡಲಿಲ್ಲ. ಪಾದದಿಂದ ಮೇಲಕ್ಕೆ ಬಳಿಯುತ್ತಾ ಹೋಗಿ, ಅಧ್ಯಕ್ಷರ ಅನುಮತಿ ಕೇಳಿ ಕತ್ತಿನ ಬಳಿ ನಿಲ್ಲಿಸಿದರು. ಮೈಸೂರಿನಲ್ಲಿ ಸಿಕ್ಕಿದ್ದಷ್ಟೇ ಉಳಿಯಿತು: ತಲೆ.

ಆ ತಲೆ ಮಹೋತ್ಸವದ ಸ್ಮರಣ ಸಂಚಿಕೆಯಲ್ಲಿ ಅಚ್ಚಾಯಿತು. ಅಲ್ಲಿಂದ ಟೈಲರ್ ಗಂಗಯ್ಯನ ಬೋರ್ಡಿಗೆ ಹೋಗಿ ಸಫಾರಿ ಸೂಟು ತೊಟ್ಟಿತು. ಶ್ರೀಪಾಲ್ ಸೈಕಲ್ ನಿಲ್ಲಿಸಿ ನೋಡಿ, "ಕಾಲರ್ ಚೆನ್ನಾಗಿ ಕೂತೈತೆ ಗಂಗಯ್ಯ," ಎಂದು ಮುಂದಕ್ಕೆ ಹೋದರು.

ಅಂದಿನಿಂದ ಪ್ರತಿ ವರ್ಷ ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಗೋಡೆಯ ಮುಂದೆ ಕೂರಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಇವನ ಕೈ ಕಾಣಲ್ಲ. ಕೈಲಿ ಏನೈತೆ, ಮುಖ ನೋಡಿ ಹೇಳಿ."

"ಕ್ರಿಕೆಟ್ ಬಾಲ್ ಸಾರ್!"

"ಮಾರ್ಕ್ಸ್ ಕಾರ್ಡು ಸಾರ್, ಗಣಿತದಲ್ಲಿ ಡುಮ್ಕಿ!"

ನಿವೃತ್ತಿಯ ವರ್ಷ, ೨೦೦೪ರಲ್ಲಿ, ಪಕ್ಕದ ಗಂಡಸಿ ಊರಿನಿಂದ ಬರುತ್ತಿದ್ದ ಮಾಲಿನಿ ಎಂಬ ಹುಡುಗಿ ಎದ್ದು ನಿಂತಳು. "ಏನೈತೋ ಗೊತ್ತಾಗಲ್ಲ ಸಾರ್. ಆದ್ರೆ ಇನ್ನೂ ಎಸೆದಿಲ್ಲ."

ಶ್ರೀಪಾಲ್ ಅವತ್ತು ಅರ್ಧ ದಿನ ರಜೆ ಹಾಕಿ ಹಳೇಬೀಡಿನ ಬಸ್ಸು ಹಿಡಿದರು. ಕಣ್ಣು ಮಂದವಾಗಿದ್ದ ತಾಯಿಯ ಪಕ್ಕದಲ್ಲಿ ಕೂತು ಹುಡುಗಿಯ ಮಾತನ್ನು ಹೇಳಿದರು.

"ಹಂಗಾದ್ರೆ ಕಲ್ಲು ಬಿಡೋಕೆ ಇನ್ನೂ ಹೊತ್ತೈತೆ," ಎಂದು ಪದ್ಮಲತಾ ಗೋಡೆ ಹಿಡಿದು ಎದ್ದು, ಮಗನಿಗೆ ಊಟಕ್ಕೆ ಎಲೆ ಹಾಕಿದರು. ಹೊರಗೆ ಬಿಸಿಲು ಇನ್ನೂ ಇತ್ತು.