ತುಟಿಗೆ ಬಂದ ಅಂಜಿಕೆ

ನನ್ನ ಮೇಲ್ದುಟಿಯ ಎಡಮೂಲೆಗೆ ಭವಿಷ್ಯಜ್ಞಾನವಿದೆ. ಪರೀಕ್ಷೆ, ಸಂದರ್ಶನ, ನಾನು ಕಲಿಸುವ ಸಾಲೆಗೆ ಸಾಹೇಬರ ತಪಾಸಣೆ, ಹೀಗೆ ಜೀವನದ ಯಾವ ಗಂಡಾಂತರ ಹತ್ತಿರ ಬಂದರೂ ಅಲ್ಲಿ ಮೊದಲು ಚುಮುಚುಮು ಎನ್ನುತ್ತದೆ. ಮರುದಿನ ಮುತ್ತಿನ ಗೊಂಚಲಿನಂತೆ ಗುಳ್ಳೆಗಳು ಏಳುತ್ತವೆ. ಮುತ್ತು ಎಂದದ್ದು ನನ್ನ ಸಮಾಧಾನಕ್ಕೆ. ಕಂಡವರು ಮುಖ ತಿರುಗಿಸುತ್ತಾರೆ.

ಹಲ್ಲಿ ಉಚ್ಚೆ ಹೊಯ್ದಿದೆ ಎಂಬುದು ನಮ್ಮ ಜಮಖಂಡಿಯ ಸರ್ವಸಮ್ಮತ ರೋಗನಿದಾನ. ಅವ್ವ ಪ್ರತಿ ಸಲವೂ ಕಸಬರಿಗೆ ಹಿಡಿದು ಗೋಡೆಗೋಡೆಯ ಹಲ್ಲಿಗಳನ್ನು ಅಟ್ಟುತ್ತಿದ್ದಳು. ಆ ನಿರಪರಾಧಿ ಜೀವಿಗಳ ಪರವಾಗಿ ವಾದಿಸಿದವರು ನಮ್ಮ ಓಣಿಯ ಡಾಕ್ಟರೊಬ್ಬರೇ. ಚಿಕ್ಕಂದಿನಲ್ಲಿ ಎಂದೋ ಹೊಕ್ಕ ವೈರಾಣು, ಗಾಯ ಮಾಯ್ದ ಮೇಲೂ ಊರು ಬಿಡದೆ ನರದ ಬುಡದಲ್ಲಿ ನಿದ್ದೆ ಹೊಡೆಯುತ್ತಿರುತ್ತದಂತೆ. ಮನಸ್ಸು ಹೆದರಿದಾಗ ನರಗಳು ಆ ಸುದ್ದಿಯನ್ನು ಮೈಯೆಲ್ಲ ಸಾರುತ್ತವೆ. ಅದನ್ನು ಕೇಳಿ ಚರ್ಮದ ಕಾವಲಿಗಿದ್ದ ರಕ್ತದ ಸಿಪಾಯಿಗಳೂ ಕೈ ಸಡಿಲಿಸುತ್ತಾರೆ. ಮಲಗಿದ್ದವ ಎದ್ದು ನರದ ಗುಂಟ ತುಟಿಗೆ ಬರುತ್ತಾನೆ. "ಮಾಸ್ತರ, ನಿಮ್ಮದು ತುಟಿ ಜಡ್ಡಲ್ಲರಿ, ಅಂಜುಬುರುಕತನ" ಎಂದು ಹೇಳಿ ಅವರು ಮುಲಾಮು ಕೊಟ್ಟರು. ಬಾಯಿ ಎಷ್ಟೇ ಧೈರ್ಯದ ಮಾತಾಡಲಿ, ಅದೇ ಬಾಯಿಯ ಅಂಚಿಗೆ ನರ ಬಂದು ನಿಜ ನುಡಿಯುತ್ತದೆಂದರೆ ಎಂಥ ಫಜೀತಿ ನೋಡಿ.

ಇಂಥ ತುಟಿಯನ್ನು ಹೊತ್ತು ನಾನು ಅಪ್ಪ, ಅವ್ವನ ಜೊತೆ ರಬಕವಿಗೆ ಕನ್ಯೆ ನೋಡಲು ಹೋಗಬೇಕಾಯಿತು. ಹುಡುಗಿಯನ್ನು ಬಳಗದವರ ಮದುವೆಯೊಂದರಲ್ಲಿ ದೂರದಿಂದ ಕಂಡಿದ್ದೆ; ಅಂದಿನಿಂದ ಬೇರೆ ಯಾರೂ ಕಣ್ಣಿಗೆ ಹಿಡಿಸಿರಲಿಲ್ಲ. ಆಕೆ ಒಲ್ಲೆ ಎಂದರೆ ನನ್ನ ಗತಿ ಏನೆಂಬ ಚಿಂತೆಯಲ್ಲೇ ಹಿಂದಿನ ದಿನ ಗುಳ್ಳೆ ಎದ್ದಿತು. ಅವ್ವ ಇಸ್ತ್ರಿ ಮಾಡಿದ ಕರವಸ್ತ್ರ ಕೊಟ್ಟು, ಮಾತುಕತೆ ಮುಗಿಯುವ ತನಕ ಬಾಯಿಂದ ತೆಗೆಯಕೂಡದೆಂದು ಆಣೆ ಹಾಕಿಸಿದಳು.

ಹುಡುಗಿಯದು ಅರ್ಧ ಮನೆ, ಅರ್ಧ ಮಗ್ಗ. ಅಂದು ನೂಲಿಗೆ ಗಂಜಿ ಹಾಕಿ ಒಣಗಲು ಬಿಟ್ಟಿದ್ದರು. ಅದರ ಹುಳಿವಾಸನೆ ಪಡಸಾಲೆಯನ್ನೆಲ್ಲ ತುಂಬಿತ್ತು. ನೇಕಾರರಿಗೆ ಅದು ಅನ್ನದ ವಾಸನೆ. ನಮ್ಮದೂ ನೇಕಾರರ ಮನೆತನವೇ, ಆದರೆ ಅಜ್ಜನ ಕಾಲಕ್ಕೇ ಮಗ್ಗ ಬಿಟ್ಟು ನೌಕರಿ ಹಿಡಿದವರು. ಅಂಥ ಮನೆಯ ವರ ಒಳಗೆ ಕಾಲಿಟ್ಟವನೇ ಮೂಗುಬಾಯಿ ಮುಚ್ಚಿಕೊಂಡು ಕುಳಿತ. ಮುಂದಿಟ್ಟ ಚುರುಮುರಿ ಸೂಸಲಾ, ಮಿರ್ಚಿ ಭಜಿಯನ್ನು ಖಾರಕ್ಕೆ ಹೆದರಿ ಮುಟ್ಟಲಿಲ್ಲ. ಹುಡುಗಿಯ ತಂದೆಯ ಮುಖ ಕಪ್ಪಿಟ್ಟಿತು. ನಮ್ಮ ಗಂಜಿಯ ವಾಸನೆ ಆಗದವರಿಗೆ ನಮ್ಮ ಮಗಳು ಏಕೆ ಬೇಕು ಎಂದು ನನ್ನ ಅಪ್ಪನನ್ನು ನೇರವಾಗಿಯೇ ಕೇಳಿ ಎದ್ದು ನಿಂತರು. ಅಪ್ಪ ನನ್ನನ್ನು ನೋಡಿದ. ನಾನು ಅವ್ವನನ್ನು ನೋಡಿದೆ. ಅವ್ವ ಜಂತಿಯಲ್ಲಿ ಹಲ್ಲಿ ಹುಡುಕುತ್ತಿದ್ದಳು.

ಹುಡುಗಿ ಕಂಬದ ಹತ್ತಿರ ನಿಂತಿದ್ದಳು. "ವಾಸನಿ ತಡಿಯಾಕ ಆಗೂದಿಲ್ಲಂದ್ರ ಬಂದದ್ದರೇ ಯಾಕ್ರಿ?" ಎಂದಳು. ಆ ದನಿಯಲ್ಲಿದ್ದ ನೋವಿಗೆ ನಾನು ಆಣೆಯನ್ನು ಮರೆತು ಕರವಸ್ತ್ರ ತೆಗೆದುಬಿಟ್ಟೆ. ವಾಸನೆಗಲ್ಲ, ನೀವು ಒಲ್ಲೆ ಎಂದೀರೆಂಬ ಅಂಜಿಕೆಗೆ ಹೀಗಾಗಿದೆ ಎಂದು ತೊದಲಿದೆ. ಡಾಕ್ಟರು ಹೇಳಿದ ನರಗಳ ಪುರಾಣವನ್ನೂ ಗಡಿಬಿಡಿಯಲ್ಲಿ ಒದರಿದೆ. ಹಿರಿಯರಿಗೆ ಏನೂ ತಿಳಿದಂತೆ ಕಾಣಲಿಲ್ಲ.

ಆಕೆ ಮಾತ್ರ ನನ್ನ ತುಟಿಯನ್ನು ಬಹಳ ಹೊತ್ತು ನೋಡಿ, ತಂದೆಯ ಕಡೆಗೆ ತಿರುಗಿದಳು.

"ಅಪ್ಪಾ, ಮೊದಲ ಬಂದ ಮೂರೂ ಮಂದಿ ಪ್ಯಾಟ್ಯಾಗ ಸೀರಿ ನೋಡಿದಂಗ ನನ್ನ ನೋಡಿ ಹೋದ್ರು. ಅಂಜಿ ಬಂದವರು ಇವರೊಬ್ಬರ. ನನಗ ಇವರ ಇರ್ಲಿ."

ಇದಾಗಿ ಇಪ್ಪತ್ತು ವರ್ಷಗಳಾದವು. ಹೆಂಡತಿಗೆ ಅಂಜುವ ಮಾಸ್ತರ ಎಂದು ಗೆಳೆಯರು ಈಗಲೂ ನಗುತ್ತಾರೆ. ಅಂಜಿದ್ದಕ್ಕೇ ಅವಳು ನನಗೆ ದಕ್ಕಿದಳೆಂಬುದು ಅವರಿಗೇನು ಗೊತ್ತು.