ಹಳೇ ಪಿಸ್ತೂಲಿನ ಆಯುಧಪೂಜೆ

ಅಗ್ಗದ ವಸ್ತು ಕಂಡರೆ ನನ್ನ ಕೈ ತಾನಾಗಿಯೇ ಮುಂದೆ ಹೋಗುತ್ತದೆ. ಮೈಸೂರಿನಲ್ಲಿದ್ದಾಗ ಹಳೆಯ ಗೋಡೆ ಗಡಿಯಾರಗಳತ್ತ ಹೋಗುತ್ತಿತ್ತು. ನ್ಯೂಜಿಲೆಂಡಿನ ಲೋವರ್ ಹಟ್‌ಗೆ ಬಂದು, ಪಿಸ್ತೂಲ್ ಕ್ಲಬ್ಬು ಸೇರಿ, ಲೈಸೆನ್ಸನ್ನೂ ಪಡೆದ ಮೇಲೆ ಸೇನೆ ಬಳಸಿ ಬಿಟ್ಟ ಪಿಸ್ತೂಲೊಂದರತ್ತ ಹೋಯಿತು. ಪೂರ್ವ ಯುರೋಪಿನ ಯಾವುದೋ ಸೇನೆ ಉಗ್ರಾಣ ಖಾಲಿ ಮಾಡಿದಾಗ ಹಡಗು ಹತ್ತಿ ಬಂದ ಸರಕು ಅದು. ಹೊಸ ಪಿಸ್ತೂಲಿನ ಬೆಲೆ ಕೇಳಿದರೆ ಎದೆ ಹಿಡಿದುಕೊಳ್ಳಬೇಕು. ಇದರ ಬೆಲೆ ಕೇಳಿ ನಾನು ಹಿಡಿದುಕೊಂಡದ್ದು ಪಿಸ್ತೂಲನ್ನೇ.

ಪರೀಕ್ಷಿಸದೆ ಕೊಳ್ಳುವ ಪೈಕಿ ನಾನಲ್ಲ. ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಒಳಗಿನ ಸುರುಳಿ ಗೆರೆಗಳು ಚೂಪಾಗಿದ್ದವು. ಬಿಡಿಭಾಗಗಳ ಮೇಲೆಲ್ಲ ಒಂದೇ ಸಂಖ್ಯೆ. ಸಂಗ್ರಹಕಾರರಿಗೆ ಇದು ಜಾತಕ ಕೂಡಿಬಂದಷ್ಟೇ ಸಂತೋಷದ ಸಂಗತಿ. ಮೈ ಮಾತ್ರ ಸೀದ ಬಾಣಲೆಯ ಹಾಗಿತ್ತು. ಕೊನೆಗೆ ಅಭ್ಯಾಸಬಲದಿಂದ ಆ ಖಾಲಿ ಪಿಸ್ತೂಲನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದೆ. ಅಂಗಡಿಯವನು ಬೆಚ್ಚಿ ಹಿಂದೆ ಸರಿದ. ತೆಂಗಿನಕಾಯಿ ಆರಿಸಿ ಗೊತ್ತಿಲ್ಲದವನಿಗೆ ಏನು ಹೇಳುವುದು? ಕಾಯಿ ಸದ್ದು ಮಾಡಿದರೆ ಒಳ್ಳೆಯದು, ಪಿಸ್ತೂಲು ಮಾಡದಿದ್ದರೆ ಒಳ್ಳೆಯದು. ಇದು ಸುಮ್ಮನಿತ್ತು.

ಇಷ್ಟೆಲ್ಲ ಪಾಸಾದದ್ದು ಗುರಿಯ ಮುಂದೆ ಫೇಲಾಯಿತು. ಎಷ್ಟು ಶ್ರದ್ಧೆಯಿಂದ ಹೊಡೆದರೂ ಗುಂಡುಗಳು ಕಾಗದದ ತುಂಬ ಅಕ್ಷತೆಯಂತೆ ಚದುರುತ್ತಿದ್ದವು. ಕ್ಲಬ್ಬಿನ ಹಿರಿಯ ಸದಸ್ಯ ಬ್ಯಾರಿ ಎಂಬಾತ ಕಾಗದ ನೋಡಿ, "ಯೂ ಬಾಟ್ ಎ ಡೋರ್‌ಸ್ಟಾಪ್, ಮೇಟ್," ಎಂದ. ಬಾಗಿಲು ಮುಚ್ಚದಂತೆ ಅಡ್ಡ ಇಡುವ ಕಬ್ಬಿಣದ ತುಂಡು ಕೊಂಡೆಯಲ್ಲ ಅಂತ. ಮನೆಗೆ ಬಂದು ಹೆಂಡತಿ ವನಜಳಿಗೆ ಹೇಳಿಕೊಂಡರೆ ಅವಳೂ ಅವನ ಪಕ್ಷ.

"ನಮ್ಮನೆ ಬಾಗ್ಲು ತಾನಾಗೇ ನಿಲ್ಲುತ್ತೆ ಕಣ್ರೀ. ಕ್ಲಬ್ಬಿನ ಪಂದ್ಯದಲ್ಲೂ ಹಿಂಗೇ ಆದ್ರೆ ಮಾರ್ಬಿಡಿ."

ಆಗಲಿ ಎಂದೆ. ಆದರೆ ಸಂಕಟವಾಯಿತು. ಪಿಸ್ತೂಲು ಹೋದರೆ ಹೋಗಲಿ, ಆರಿಸಿದವನ ಮಾನವೂ ಅದರ ಜೊತೆಗೇ ಹೋಗುತ್ತದಲ್ಲ!

ಪಂದ್ಯ ಬಿದ್ದದ್ದು ವಿಜಯದಶಮಿಯಂದು. ಹಿಂದಿನ ದಿನ ಆಯುಧಪೂಜೆ. ನಮ್ಮ ಮನೆಯಲ್ಲಿ ಈಳಿಗೆಮಣೆ, ಮಿಕ್ಸಿ, ಲ್ಯಾಪ್‌ಟಾಪು, ಕಾರು ಎಲ್ಲಕ್ಕೂ ಪೂಜೆ ಉಂಟು. ನಿಜವಾದ ಆಯುಧವೊಂದು ಸಾಲಿಗೆ ಬಂದದ್ದು ಇದೇ ಮೊದಲು. ಪುರಾಣದ ವೀರರ ಬಿಲ್ಲುಗಳೂ ನಾಲ್ಕಾರು ದೇವತೆಗಳ ಕೈದಾಟಿ ಬಂದವೇ. ಅವನ್ನು ಯಾರೂ ಸೆಕೆಂಡ್ ಹ್ಯಾಂಡ್ ಎನ್ನುವುದಿಲ್ಲ. ಖಾಲಿ ಪಿಸ್ತೂಲನ್ನು ಮಣೆಯ ಮೇಲಿಟ್ಟು ಪಕ್ಕದಲ್ಲೇ ಕಾವಲು ನಿಂತೆ. ಮಾರಿಬಿಡಿ ಎಂದಿದ್ದ ವನಜಳೇ ಭಕ್ತಿಯಿಂದ ಅದರ ತುದಿಗೊಂದು ಕುಂಕುಮವಿಟ್ಟಳು. ನಾನು ಬಟ್ಟೆ ತಂದು ಒರೆಸಹೋದರೆ ಗದರಿದಳು.

"ಹಬ್ಬ ಮುಗಿಯೋವರ್ಗೂ ಅಳಿಸ್ಬಾರ್ದು. ಹಂಗೇ ತಗೊಂಡ್ ಹೋಗಿ."

ಮರುದಿನ ಬ್ಯಾರಿಯ ಕಣ್ಣು ತಪ್ಪಿಸಿ ಸಾಲಿನಲ್ಲಿ ನಿಂತು ಕೈ ಚಾಚಿದೆ. ನಳಿಗೆಯ ತುದಿಯಲ್ಲಿ ಗುರಿ ನೋಡಲೆಂದು ಒಂದು ಪುಟ್ಟ ಕಪ್ಪು ಮೊಳೆ ಇರುತ್ತದೆ. ಇಷ್ಟು ದಿನ ನನ್ನ ಐವತ್ತು ದಾಟಿದ ಕಣ್ಣಿಗೆ ಅದು ಮಬ್ಬು ಮಸಿಯಾಗಿ ಕಾಣುತ್ತಿತ್ತು. ಅಂದು ಅದರ ಸಣ್ಣ ಗೀರುಗಳಲ್ಲಿ ಎಣ್ಣೆಜಿಡ್ಡಿಗೆ ಅಂಟಿದ ಕುಂಕುಮ ಕೆಂಪಗೆ ಎದ್ದು ನಿಂತಿತ್ತು! ಆ ಕೆಂಪನ್ನು ಗುರಿಯ ನಡುವಿಗಿಟ್ಟು ಟ್ರಿಗರ್ ಒತ್ತಿದೆ. ಮತ್ತೆ ಒತ್ತಿದೆ. ಕಾಗದ ಹತ್ತಿರ ತಂದಾಗ ತೂತುಗಳೆಲ್ಲ ಮಧ್ಯದಲ್ಲಿ ಒಂದನ್ನೊಂದು ತಬ್ಬಿಕೊಂಡಿದ್ದವು. ಹೊಳೆಯುವ ಹೊಸ ಪಿಸ್ತೂಲುಗಳನ್ನೆಲ್ಲ ಹಿಂದೆ ಹಾಕಿ ನನ್ನ ಬಾಣಲೆ ಗೆದ್ದಿತು. ಕುಣಿದುಬಿಡೋಣ ಅನ್ನಿಸಿತು, ಕ್ಲಬ್ಬಿನ ಶಿಸ್ತು ನೆನೆದು ಸುಮ್ಮನಾದೆ. ಬ್ಯಾರಿ ಬಂದು ಬಗ್ಗಿ ನೋಡಿ, "ವೇರ್ ಡು ಯೂ ಗೆಟ್ ದಟ್ ಪೇಂಟ್?" ಎಂದು ಮೆಲ್ಲಗೆ ಕೇಳಿದ. ಬರುವ ವಾರ ಒಂದು ಪೊಟ್ಟಣ ತಂದುಕೊಡುತ್ತೇನೆಂದೆ.

ಮನೆಯಲ್ಲಿ ವನಜ ಕಪ್ ನೋಡಿ ನಕ್ಕಳು. "ಅಂದ್ರೆ ಪಿಸ್ತೂಲಿಗೇನೂ ಆಗಿರ್ಲಿಲ್ಲ, ನಿಮ್ ಕಣ್ಣೇ ಮಂಜಾಗಿದ್ದಿದ್ದು!"

ಹಳೇ ಪಿಸ್ತೂಲು ಕೊಳ್ಳುವವರು ಈಗ ನನ್ನ ಸಲಹೆ ಕೇಳುತ್ತಾರೆ. ನಳಿಗೆ ನೋಡಿ, ಸಂಖ್ಯೆ ನೋಡಿ, ಬೇಕಾದರೆ ಅಲ್ಲಾಡಿಸಿಯೂ ನೋಡಿ, ಆಮೇಲೆ ಒಮ್ಮೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿಬನ್ನಿ ಎನ್ನುತ್ತೇನೆ. ನಾನಿನ್ನೂ ಹೋಗಿಲ್ಲ. ಮನೆಯಲ್ಲಿ ಕುಂಕುಮ ಬೇಕಾದಷ್ಟಿದೆ.