ಮುಖದ ಯಾವ ಅರ್ಧ

ಸೋಲಾಪುರದ ಒಂದು ಕಾಲೇಜಿನಲ್ಲಿ ನಾನು ಇಂಗ್ಲಿಷ್ ಸಾಹಿತ್ಯ ಕಲಿಸುತ್ತೇನೆ. ವರ್ಷಾವರ್ಷ ನನ್ನ ಪಾಲಿಗೆ ಬರುವುದು ಹಳೆಯ ಗಾಥಿಕ್ ಕಥೆಗಳ ಪಾಠ. ಪಾಳುಬಿದ್ದ ಕೋಟೆಮನೆಗಳು, ಚರ್ಚಿನ ಗೋಪುರದಿಂದ ನಾಲಗೆ ಚಾಚಿದ ಕಲ್ಲಿನ ಮೋರೆಗಳು, ಅರ್ಧ ಮನುಷ್ಯ ಅರ್ಧ ಮೃಗವಾದ ಜೀವಗಳು. ಬೇರೆ ಯಾರಿಗೂ ಅದು ಬೇಡ. "ಮೇಡಂ, ಆ ಭೂತದ ಪೇಪರ ನೀವ ತಗೋರಿ, ನಿಮಗ ಛಲೋ ಒಪ್ಪತದ" ಎಂದು ವಿಭಾಗದವರು ಕೈತೊಳೆದುಕೊಳ್ಳುತ್ತಾರೆ. ಒಪ್ಪುತ್ತದಂತೆ!

ಆ ಪಾಠದಲ್ಲಿ ‘ಗ್ರೊಟೆಸ್ಕ್’ ಎಂಬ ಮಾತು ಬರುತ್ತದೆ. ಕನ್ನಡದಲ್ಲಿ ವಿಕಟ ಎನ್ನಬಹುದು. ಬರೀ ಹೆದರಿಸಿದರೆ ಅದು ವಿಕಟವಲ್ಲ, ಬರೀ ನಗಿಸಿದರೂ ಅಲ್ಲ. ಎರಡೂ ಒಟ್ಟಿಗೆ ಬಂದು, ಚೀರಬೇಕೋ ನಗಬೇಕೋ ತಿಳಿಯದೆ ಬಾಯಿ ಅರ್ಧಕ್ಕೇ ನಿಲ್ಲಬೇಕು. ಇದನ್ನು ಬಾಯಿಪಾಠದಂತೆ ಹೇಳಿಕೊಂಡು ಬಂದವಳ ಬಾಯಿಯೇ ಒಂದು ಬೆಳಿಗ್ಗೆ ಅರ್ಧಕ್ಕೆ ನಿಂತಿತು.

ಬಾಯಿ ಮುಕ್ಕಳಿಸಿದರೆ ನೀರು ತಾನಾಗಿ ಎಡಗಡೆಯಿಂದ ಸೋರಿ ಸೀರೆಯ ಮೇಲೆ ಬಿತ್ತು. ಕನ್ನಡಿಯಲ್ಲಿ ನೋಡಿದರೆ ತುಟಿ ಬಲಕ್ಕೆ ವಾಲಿತ್ತು. ಅಷ್ಟರಲ್ಲಿ ಮೂರು ವರ್ಷದ ಮೊಮ್ಮಗಳು ತನ್ನ ಪುಟ್ಟ ಬ್ರಷ್ ಹಿಡಿದು ಬಂದಳು. ನನ್ನ ಜೊತೆಗೇ ಹಲ್ಲುಜ್ಜಬೇಕು, ನನ್ನ ಕೈಯಿಂದಲೇ ಉಣ್ಣಬೇಕು, ನನ್ನ ಪಕ್ಕದಲ್ಲೇ ಮಲಗಬೇಕು ಎನ್ನುವ ಹುಡುಗಿ. ದಿನದಂತೆ ಅವಳನ್ನು ನೋಡಿ ನಕ್ಕೆ. ಅವಳು ಕಿಟಾರನೆ ಕಿರುಚಿ, ಬ್ರಷ್ ಬಿಸಾಕಿ ಓಡಿಹೋದಳು.

ಡಾಕ್ಟರು ಧೈರ್ಯ ಹೇಳಿದರು. ಎಡಗಡೆಯ ನರ ಬಾತಿದೆ, ಗುಳಿಗೆ ತೆಗೆದುಕೊಳ್ಳಿ, ವ್ಯಾಯಾಮ ಮಾಡಿ, ಮುಚ್ಚಲಾಗದ ಎಡಗಣ್ಣನ್ನು ಬೆರಳಿಂದ ಆಗಾಗ ಮುಚ್ಚುತ್ತಿರಿ, ಇಲ್ಲದಿದ್ದರೆ ಒಣಗುತ್ತದೆ ಎಂದರು. ಮುಖ ಮೊದಲಿನಂತೆ ಆದೀತೇ ಎಂದು ಕೇಳಿದರೆ, "ಬಹಳಷ್ಟು ಬರತದ್ರಿ. ಪೂರ್ತಿ ಬರತದ ಅಂತ ಈಗ ಹ್ಯಾಂಗ ಹೇಳ್ಲಿ?" ಎಂದರು. ಇನ್ನೊಂದು ಮಾತನ್ನೂ ಬಿಡಿಸಿ ಹೇಳಿದರು. ಸೊಟ್ಟಗೆ ಕಾಣುವ ಬಲಗಡೆಗೆ ಏನೂ ಆಗಿಲ್ಲ. ನೆಟ್ಟಗೆ, ಸುಕ್ಕಿಲ್ಲದೆ ಕಾಣುವ ಎಡಗಡೆಗೇ ರೋಗ. ಅದು ಎಳೆಯುವುದನ್ನು ಬಿಟ್ಟಿದ್ದರಿಂದ ಬಲಗಡೆ ಒಂಟಿಯಾಗಿ ಎಳೆಯುತ್ತಿದೆ, ಅಷ್ಟೇ.

ಇದನ್ನು ಮನೆಯವರ ತಲೆಗೆ ಇಳಿಸುವುದರಲ್ಲಿ ನನ್ನ ತಲೆ ಕೆಟ್ಟು ಕೆರ ಹಿಡಿಯಿತು. ನನ್ನ ಗಂಡ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಟವೆಲ್ ನೇಯಿಸುತ್ತಾರೆ. ಅವರಿಗೆ ಎಲ್ಲವೂ ಟವೆಲ್ಲೇ. "ಅಂಚ ಸೊಟ್ಟ ಬಂದ್ರ ಸೊಟ್ಟ ಇದ್ದ ಕಡೀನ ಹಿಡದು ಜಗ್ಗಬೇಕು" ಎನ್ನುತ್ತ ಎಣ್ಣೆ ಬಟ್ಟಲು ಹಿಡಿದು ಬಂದು ಬಲಗೆನ್ನೆಯನ್ನೇ ತಿಕ್ಕಿದರು. "ಅದಕ್ಕ ಏನೂ ಆಗಿಲ್ಲರೀ, ಈ ಎಡಗಡಿ ತಿಕ್ಕರಿ" ಎಂದರೆ, "ನೆಟ್ಟಗ ಇದ್ದದ್ದನ್ನ ಯಾಕ ಕೆಡಸ್ಲಿ?" ಎಂದು ನನ್ನನ್ನೇ ಗದರಿದರು. ಎದುರು ಮನೆಯಾಕೆ ಪಾರಿವಾಳದ ರಕ್ತ ಹಚ್ಚಿದರೆ ಲಕ್ವಾ ಹೋಗುತ್ತದೆಂದು ಹೇಳಿ, ಪಾರಿವಾಳವನ್ನೂ ತಾನೇ ತರಿಸಿಕೊಡಲು ನಿಂತಳು. ನಾನು ಕಲಿಸುವ ಕಥೆಗಳಲ್ಲೂ ಇಷ್ಟು ಉತ್ಸಾಹದಿಂದ ರಕ್ತದ ಮಾತಾಡುವವರಿಲ್ಲ.

ಕೊನೆಗೆ ತವರೂರು ನಾಗಣಸೂರಿನಿಂದ ಅತ್ತೆಯ ಬುಲಾವು ಬಂತು. ಅತ್ತೆ ಎಂದರೆ ನಮ್ಮಪ್ಪನ ಅಕ್ಕ, ಕುರಿ ಮೇಯಿಸಿ ಗಟ್ಟಿಯಾದ ಜೀವ. ಕುರಿಗಾರರ ದೇವರು ಬೀರೋಬಾನ ಭಂಡಾರ ಹಚ್ಚದೆ ಈ ಮುಖ ನೆಟ್ಟಗಾಗದು ಎಂದು ಅವಳ ತೀರ್ಮಾನ. ಹೋದೆ. ನನಗೂ ಅಷ್ಟು ಹೆದರಿಕೆಯಾಗಿತ್ತು, ಸುಳ್ಳು ಯಾಕೆ ಹೇಳಲಿ? ಗುಡಿಯಲ್ಲಿ ಕಣ್ಣು ಮುಚ್ಚಿ ಕೈಮುಗಿದೆ. ಎಡಗಣ್ಣು ಮುಚ್ಚದೆ ದೇವರನ್ನೇ ಪಿಳಿಪಿಳಿ ನೋಡುತ್ತಿತ್ತು. ಅತ್ತೆ ಮುಷ್ಟಿ ತುಂಬ ಅರಿಸಿನದ ಭಂಡಾರ ತೆಗೆದು, ನಾನು ಬೇಡ ಬೇಡ ಎನ್ನುವುದರೊಳಗೆ, ಬಲಗೆನ್ನೆಗೆ ಮೆತ್ತಿಬಿಟ್ಟಳು.

"ಅತ್ತೀ, ಆ ಕಡಿ ಅಲ್ಲ! ರೋಗ ಈ ಕಡಿ!"

"ಹುಚ್ಚವ್ವ, ನಿನ್ನ ಮಾರಿ ನಿನಗ ಕಾಣಸತದೇನ? ನನಗ ಕಾಣಾಕತ್ತದ."

ಅರಿಸಿನ ಒರೆಸಲು ಹೋದರೆ ಕೈಮೇಲೆ ಪಟ್ಟನೆ ಹೊಡೆದಳು. ಮನೆ ಮುಟ್ಟುವವರೆಗೆ ಒರೆಸಬಾರದಂತೆ. ಅರ್ಧ ಹಳದಿ, ಅರ್ಧ ಕಪ್ಪು ಮೋರೆ ಹೊತ್ತು ಅಕ್ಕಲಕೋಟದಲ್ಲಿ ಬಸ್ಸಿಗೆ ಕಾದೆ. ಚಹಾ ಕೊಟ್ಟವನು ನನ್ನ ಚಪ್ಪಲಿಯ ಜೊತೆ ಮಾತಾಡಿದ.

ಇವೆಲ್ಲ ಇರಲಿ, ಸಹಿಸಬಹುದು. ಸಹಿಸಲಾಗದ್ದು ಮನೆಯೊಳಗೆ ನಡೆದಿತ್ತು. ಮಗು ಹತ್ತಿರ ಬರುತ್ತಿರಲಿಲ್ಲ. ಪಡಸಾಲೆಯ ಕನ್ನಡಿ ತೆಗೆದಿಟ್ಟಿದ್ದರು, ನನಗೆ ನೋವಾಗಬಾರದೆಂದು. ನಾನು ಹೊರಗೆ ಬಂದರೆ ಸೊಸೆ ಮಗುವಿನ ಮುಖವನ್ನು ತನ್ನ ಸೆರಗಿಗೆ ಒತ್ತಿ, "ಆ ಕಡಿ ನೋಡಬ್ಯಾಡ ಬಾಳಾ, ಆಜೀಗ ಆರಾಮಿಲ್ಲ" ಎನ್ನುತ್ತಿದ್ದಳು. ಅವಳ ಮನಸ್ಸು ಒಳ್ಳೆಯದೇ, ಅದೇ ಫಜೀತಿ. ನನ್ನ ಮುಖ ಮಗುವನ್ನು ಒಂದು ಬೆಳಿಗ್ಗೆ ಹೆದರಿಸಿತ್ತು. ಆಮೇಲೆ ದಿನಾ ಹೆದರಿಸುತ್ತಿದ್ದವರು ಇವರು. ಮುಖ ಹೀಗೇ ಉಳಿದರೆ? ಆ ಮಗು ನನ್ನನ್ನು ಕಂಡು ಓಡುತ್ತಲೇ ದೊಡ್ಡದಾದರೆ? ಇದನ್ನು ನೆನೆದು ಬಚ್ಚಲಲ್ಲಿ ನಳ ಬಿಟ್ಟು ಅತ್ತಿದ್ದೇನೆ.

ರಜೆ ಮುಗಿಸಿ ಕಾಲೇಜಿಗೆ ಹೋದರೆ ಪಾಠ ಬಂದು ನಿಂತದ್ದು ಅಲ್ಲಿಗೇ, ವಿಕಟಕ್ಕೇ. ಇಡೀ ವರ್ಗ ತಲೆ ತಗ್ಗಿಸಿ ಕೂತಿತ್ತು, ಸೂತಕದ ಮನೆಗೆ ಬಂದವರಂತೆ. ಪ್ರತಿವರ್ಷ ನಗು ಗಿಟ್ಟಿಸುವ ಜೋಕು ಹೇಳಿದೆ. ಒಬ್ಬರೂ ತುಟಿ ಬಿಚ್ಚಲಿಲ್ಲ. ನನ್ನ ಪಿತ್ತ ನೆತ್ತಿಗೇರಿತು. ಮೇಜು ಕುಟ್ಟಿ, "ತಲಿ ಎತ್ರಿ! ನೋಡ್ರಿ ನನ್ನ ಮಾರಿ! ರೋಗ ಯಾವ ಕಡಿ ಅದ ಹೇಳ್ರಿ" ಎಂದೆ. ಮೆಲ್ಲಗೆ ಎಲ್ಲರ ಬೆರಳೂ ನನ್ನ ಬಲಗೆನ್ನೆಯತ್ತ ಎದ್ದವು.

"ತಪ್ಪು" ಎಂದು ಕಣ್ಣು ಮುಚ್ಚಿದೆ. ಬಲಗಣ್ಣು ಮುಚ್ಚಿತು. ಎಡಗಣ್ಣು ತೆರೆದುಕೊಂಡು ಅವರನ್ನೇ ನೋಡುತ್ತ ಉಳಿಯಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಪುಸಕ್ಕನೆ ನಕ್ಕಳು, ಒಡನೆಯೇ ಹೆದರಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಹಾಂ! ಈಗ ನಿನಗ ಏನಾತಲ್ಲ, ಅದ ಇವತ್ತಿನ ಪಾಠ. ಬರಕೋರಿ."

ವರ್ಗವೆಲ್ಲ ನಕ್ಕಿತು. ನಾನೂ ನಕ್ಕೆ, ಬಾಯಿ ಎತ್ತ ಹೋದರೂ ಹೋಗಲೆಂದು. ಸೊಟ್ಟಗಿದ್ದುದೇ ಜೀವಂತ ಅರ್ಧ, ಅಂದವಾಗಿದ್ದುದೇ ಸತ್ತ ಅರ್ಧ ಎಂದು ವಿವರಿಸಿದೆ. ಅಷ್ಟು ಚೆನ್ನಾಗಿ ಆ ಪಾಠವನ್ನು ನಾನು ಯಾವ ವರ್ಷವೂ ಮಾಡಿರಲಿಲ್ಲ.

ಆ ಮಧ್ಯಾಹ್ನ ಮನೆಗೆ ಬಂದವಳು ಪಡಸಾಲೆಯ ನಡುವೆ ನೆಲದ ಮೇಲೆ ಕೂತೆ. ಸೊಸೆ ಮಗುವನ್ನು ಒಳಗೆ ಎಳೆಯಲು ಬಂದಳು. "ಬಿಡು ಅಕಿನ್ನ. ನೋಡಿದ್ರ ನೋಡ್ಲಿ, ಅತ್ರ ಅಳ್ಲಿ" ಎಂದೆ. ದನಿ ಜೋರಾಗಿತ್ತು, ಬಿಟ್ಟಳು. ನಾನು ಗೋಡೆಗೆ ಒರಗಿ ಕಣ್ಣು ಮುಚ್ಚಿ ನಿದ್ದೆ ಬಂದಂತೆ ಗೊರಕೆ ಹೊಡೆದೆ. ತೆರೆದೇ ಇದ್ದ ಎಡಗಣ್ಣಿಗೆ ಬಾಗಿಲ ಹಿಂದಿನ ಫ್ರಾಕಿನ ಅಂಚು ಕಂಡಿತು. ಆಮೇಲೆ ಒಂದು ಕಾಲು. ಆಮೇಲೆ ಅವಳೇ.

"ಆಜಿ ಮಲಗ್ಯಾಳ" ಎಂದಳು. ಇನ್ನಷ್ಟು ಹತ್ತಿರ ಬಂದು ಬಗ್ಗಿ ನೋಡಿ, "ಈ ಕಣ್ಣ ಮಲಗಿಲ್ಲ" ಎಂದು ದೂರಿದಳು.

"ಅದು ಹಟ ಮಾಡತದ, ನನ್ನ ಮಾತ ಕೇಳವಲ್ದು" ಎಂದೆ, ಅಲುಗದೆ.

ಅವಳು ಕಣ್ಣಿನತ್ತ ಬೆರಳು ಚಾಚಿದಳು. ಒಳಗಿಂದ ಸೊಸೆ, "ಕಣ್ಣಾಗ ಬಟ್ಟ ಹಾಕಬ್ಯಾಡ!" ಎಂದು ಕೂಗುತ್ತಿದ್ದಳು. ಮಗು ಕೇಳಲಿಲ್ಲ. ಬಿಸ್ಕತ್ತಿನ ಪುಡಿ ಮೆತ್ತಿದ ಬೆರಳಿನಿಂದ ನನ್ನ ಎಡಗಣ್ಣಿನ ರೆಪ್ಪೆಯನ್ನು ಕೆಳಗೆ ಸರಿಸಿ, ಅಲ್ಲೇ ಒತ್ತಿ ಹಿಡಿದು, ನಾನು ಅವಳನ್ನು ಮಲಗಿಸುವಾಗ ಗದರುವ ದನಿಯಲ್ಲೇ ಆ ಕಣ್ಣಿಗೆ, "ಸುಮ್ಮ ಮಲಕೋ" ಎಂದಳು. ಮತ್ತೆ ಎದ್ದೀತೆಂದು ಬೆರಳು ತೆಗೆಯದೆ, ಹಾಗೆಯೇ ನನ್ನ ತೊಡೆಯ ಮೇಲೆ ಕೂತಳು.